ಹೊಸತನಕ್ಕೊಂದು ಅಂಕ

ನಮ್ಮ ಕೈ ನಾರುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯುವುದು ಬೇಡ.

ಹದಿನೆಂಟು ಮಹಡಿಯ ಆಫೀಸು ಕಟ್ಟಡ. ಕಾರು ನಿಲ್ಲಿಸುವ ಎರಡು ಅಂತಸ್ತುಗಳ ಕೆಳಗೆ ಮೂರನೆಯ ಬೇಸ್‌ಮೆಂಟು. ಅಲ್ಲಿ ನಾವು ಹನ್ನೊಂದು ಹೆಂಗಸರು ಕಸ ಬೇರೆ ಮಾಡುತ್ತೇವೆ. ಬೆಳಿಗ್ಗೆ ಏಳಕ್ಕೆ ಶುರು, ಮಧ್ಯಾಹ್ನ ಮೂರಕ್ಕೆ ಮುಗಿತಾಯ. ಮೇಲಿನವರು ತಿಂದು ಬಿಟ್ಟದ್ದು, ಕುಡಿದು ಬಿಟ್ಟದ್ದು, ಒರೆಸಿ ಎಸೆದದ್ದು ಎಲ್ಲ ಕಪ್ಪು ಚೀಲಗಳಲ್ಲಿ ನಮ್ಮ ಮುಂದೆ ಬಂದು ಬೀಳುತ್ತದೆ. ಚೀಲ ಹರಿಯುತ್ತೇವೆ. ಕಾಗದ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ, ಗಾಜು ಒಂದು ಕಡೆ, ಅನ್ನ ಸಾರು ಒಂದು ಕಡೆ. ಶೌಚಾಲಯದ ಬುಟ್ಟಿಯ ಚೀಲ ಬೇರೆ ಬಣ್ಣದ್ದಿರಬೇಕು ಅಂತ ನಿಯಮವಿದೆ. ನಿಯಮ ಗೋಡೆಯ ಮೇಲಿದೆ. ಚೀಲ ಕಪ್ಪೇ ಬರುತ್ತದೆ. ಹರಿದ ಮೇಲೆಯೇ ಒಳಗೇನಿದೆ ಎಂದು ಗೊತ್ತಾಗುವುದು. ಕೈಗವಸು ಕೊಡುತ್ತಾರೆ, ತಿಂಗಳಿಗೆ ಒಂದು ಜೊತೆ. ಮೊದಲ ವಾರದಲ್ಲೇ ಬೆರಳ ತುದಿ ಹರಿಯುತ್ತದೆ. ಹರಿದ ಗವಸಿನೊಳಗೆ ರಸ ಇಳಿದರೆ ಬರಿಗೈಗಿಂತ ಕೆಡುಕು. ಅದಕ್ಕೇ ನಾವು ಬರಿಗೈಯವರು.

ನನ್ನನ್ನು ಆ ಕೆಲಸಕ್ಕೆ ಸೇರಿಸಿದ್ದು ನನ್ನ ಅತ್ತಿಗೆ. ನನ್ನಣ್ಣನ ಹೆಂಡತಿ, ನಾನಿರುವುದೂ ಅವರ ಮನೆಯಲ್ಲೇ. ನನಗಿಂತ ಆರು ವರ್ಷ ಮೊದಲು ಅಲ್ಲಿ ಸೇರಿದವಳು. ಮಾತು ಕಡಿಮೆ, ಕೈ ಚುರುಕು. ಕಸದಲ್ಲಿ ಸಿಕ್ಕ ಮುರಿದ ಟೇಬಲ್ ಫ್ಯಾನನ್ನು ಒಂದು ಹೇರ್‌ಪಿನ್ನಿನಲ್ಲಿ ರಿಪೇರಿ ಮಾಡಿ ನಮಗೆಲ್ಲ ಗಾಳಿ ಬರುವ ಹಾಗೆ ಮಾಡಿದ್ದಳು. ಮೂರು ದಿನ ತಿರುಗಿತು. ನಾಲ್ಕನೆಯ ದಿನ ಸೂಪರ್‌ವೈಸರು ಕರೆಂಟು ದಂಡ ಅಂತ ಅದನ್ನು ಎತ್ತಿಕೊಂಡು ಹೋದ. ಈಗ ಅವನ ಕೋಣೆಯಲ್ಲಿ ತಿರುಗುತ್ತಿದೆ. ಅವನಿಗೆ ಕರೆಂಟು ದಂಡವಲ್ಲ.

ಬೇಸ್‌ಮೆಂಟಿನಲ್ಲಿ ನಮಗೊಂದು ಶೌಚಾಲಯ, ಅದರ ಪಕ್ಕ ಒಂದು ನಲ್ಲಿ. ಮೊದಲೆಲ್ಲ ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತಿತ್ತು. ಅದು ನಮಗೆ ಸುಖ ಅಂತಲೂ ಗೊತ್ತಿರಲಿಲ್ಲ. ಆಮೇಲೆ ಕಟ್ಟಡ ಪರೀಕ್ಷೆಗೆ ಕೂತಿತು.

ಕಟ್ಟಡಕ್ಕೂ ಪರೀಕ್ಷೆ ಇರುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಹಳೆಯ ಕಟ್ಟಡವಾದರೂ ಪರವಾಗಿಲ್ಲವಂತೆ, ಕರೆಂಟು ಉಳಿಸಿದರೆ ಇಷ್ಟು ಅಂಕ, ನೀರು ಉಳಿಸಿದರೆ ಇಷ್ಟು, ಕಸ ಬೇರೆ ಮಾಡಿದರೆ ಇಷ್ಟು. ಎಂಬತ್ತು ಬಂದರೆ ಹಸಿರು ಕಟ್ಟಡ, ಮೇಲಿನ ದರ್ಜೆ, ಗೋಡೆಗೆ ತೂಗುಹಾಕಲು ಒಂದು ಸರ್ಟಿಫಿಕೇಟು. ಬಾಡಿಗೆಗೆ ಬರುವ ದೊಡ್ಡ ಕಂಪನಿಗಳು ಅದನ್ನು ನೋಡಿಯೇ ಬರುವುದಂತೆ. ಈ ಅಂಕಗಳನ್ನು ಕೂಡಿಸಿಕೊಡಲು ಒಬ್ಬಳು ಸಲಹೆಗಾರ್ತಿಯನ್ನು ಗೊತ್ತುಮಾಡಿದರು. ನಾವು ಅವಳಿಗೆ ಅಂಕದ ಮೇಡಂ ಅಂತ ಹೆಸರಿಟ್ಟೆವು. ಬೆನ್ನಿಗೆ ಚೀಲ, ಕಾಲಿಗೆ ಬಿಳಿ ಬೂಟು, ಕೈಯಲ್ಲಿ ಸದಾ ಟ್ಯಾಬು. ಕೆಟ್ಟವಳಲ್ಲ. ನಕ್ಕು ಮಾತಾಡಿಸುತ್ತಿದ್ದಳು. ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು.

ಕೆಲವು ಅಂಕಗಳು ಸುಲಭಕ್ಕೆ ಬಂದವು. ಗೇಟಿನ ಪಕ್ಕ ಹನ್ನೆರಡು ಹೊಸ ಸೈಕಲ್ ತಂದು ನಿಲ್ಲಿಸಿದರು. ಯಾರೂ ತುಳಿಯಲಿಲ್ಲ. ನಿಂತದ್ದಕ್ಕೇ ಅಂಕ. ಕಸ ಬೇರೆ ಮಾಡುವುದಕ್ಕೂ ಒಳ್ಳೆಯ ಅಂಕ ಬಂತಂತೆ. ನೂರಕ್ಕೆ ತೊಂಬತ್ತಾರು ಪಾಲು ಬೇರೆಯಾಗುತ್ತದೆ, ಇಡೀ ಊರಿನಲ್ಲಿ ಹೀಗೆಲ್ಲೂ ಇಲ್ಲ ಎಂದು ಮೇಡಂ ಕಟ್ಟಡದ ಮ್ಯಾನೇಜರನಿಗೆ ಹೇಳುತ್ತಿದ್ದುದನ್ನು ನಾವೇ ಕೇಳಿದೆವು. ಆ ತೊಂಬತ್ತಾರು ನಮ್ಮ ಉಗುರಿನ ಸಂದಿಯಲ್ಲಿತ್ತು. ಅವಳು ಅದನ್ನು ಟ್ಯಾಬಿನಲ್ಲಿ ಬರೆದುಕೊಂಡಳು.

ನೀರಿನ ಅಂಕಕ್ಕೆ ಕಷ್ಟವಾಯಿತು. ಮೇಲಿನವರ ನಲ್ಲಿಗೆ ಕೈಹಾಕುವ ಹಾಗಿರಲಿಲ್ಲ. ಅವರು ಬಾಡಿಗೆ ಕೊಡುವವರು. ಆಗ ಸೂಪರ್‌ವೈಸರು ಬೇಸ್‌ಮೆಂಟಿನ ನಲ್ಲಿ ತೋರಿಸಿದ. ಅದಕ್ಕೊಂದು ಸಮಯ ಇಟ್ಟರು. ಬೆಳಿಗ್ಗೆ ಆರರಿಂದ ಏಳು, ಸಂಜೆ ನಾಲ್ಕರಿಂದ ಐದು. ನಾವು ಕೆಲಸಕ್ಕೆ ಸೇರುವುದು ಏಳಕ್ಕೆ, ಹೊರಡುವುದು ಮೂರಕ್ಕೆ. ಈ ಸಮಯ ಇಟ್ಟವನ ತಲೆಯನ್ನು ಮೆಚ್ಚಬೇಕು. ನಮ್ಮ ಶೌಚಾಲಯಕ್ಕೆ ಒಂದು ಬಕೆಟ್ಟು ತುಂಬಿಸಿ ಇಡುತ್ತಿದ್ದರು, ಹನ್ನೊಂದು ಜನಕ್ಕೆ, ಎಂಟು ತಾಸಿಗೆ.

ಇನ್ನೂ ಒಂದು ಲೆಕ್ಕ ಕೇಳಿ. ಒಟ್ಟು ನೀರನ್ನು ಕಟ್ಟಡದ ತಲೆಗಳಿಂದ ಭಾಗಿಸಬೇಕಂತೆ. ತಲೆ ಹೆಚ್ಚಿದ್ದಷ್ಟೂ ಲೆಕ್ಕ ಚೆನ್ನಾಗಿ ಬರುತ್ತದೆ. ಹಾಗಾಗಿ ಮೇಡಂ ನಮ್ಮನ್ನೂ ಸೇರಿಸಿಕೊಂಡಳು. ಕೆಳಗಿಳಿದು ಬಂದು ಬೆರಳು ತೋರಿಸಿ ಒಂದು, ಎರಡು ಅಂತ ಹನ್ನೊಂದರವರೆಗೆ ಎಣಿಸಿದಳು. ಅಷ್ಟು ವರ್ಷದಲ್ಲಿ ಆ ಕಟ್ಟಡ ನಮ್ಮನ್ನು ಮನುಷ್ಯರೆಂದು ಎಣಿಸಿದ್ದು ಅದೇ ಮೊದಲು ಎಂದು ಅತ್ತಿಗೆ ಹೇಳಿದಳು. ಭಾಗಿಸುವಾಗ ನಾವು ತಲೆ. ಕೈ ತೊಳೆಯುವಾಗ ಯಾರೂ ಅಲ್ಲ.

ಆಮೇಲೆ ನಾವು ಹಾಗೆಯೇ ಮನೆಗೆ ಹೊರಡಬೇಕಾಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಅದೇ ಕೈಯಲ್ಲಿ ಊಟ. ಹಳೆಯ ಪೇಪರಿನಲ್ಲಿ ಕೈ ಉಜ್ಜಿ, ಚಮಚದ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ತಿನ್ನುತ್ತಿದ್ದೆವು. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ಒಂದು ದಿನ ಕಂಡಕ್ಟರು ಟಿಕೆಟನ್ನು ಕೈಗೆ ಕೊಡದೆ ಸೀಟಿನ ಮೇಲಿಟ್ಟ. ಅತ್ತಿಗೆ ಅದನ್ನು ಮುಟ್ಟಲಿಲ್ಲ. ಇಳಿಯುವವರೆಗೂ ಅದು ಅಲ್ಲೇ ಇತ್ತು.

ಅತ್ತಿಗೆಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಮನೆಗೆ ಬಂದ ಕೂಡಲೇ ತಾಯಿಯ ಕುತ್ತಿಗೆಗೆ ಜೋತುಬೀಳುವ ಹುಡುಗಿ. ಆ ದಿನಗಳಲ್ಲಿ ಅವಳು ಬಾಗಿಲಲ್ಲೇ ನಿಲ್ಲತೊಡಗಿದಳು. ಮೊದಲು ಸ್ನಾನ ಮಾಡು ಅಂತ ಹೇಳತೊಡಗಿದಳು. ಸ್ನಾನ ಮಾಡಿ ಬಂದರೂ ತಾಯಿ ತಲೆ ಬಾಚಲು ಹೋದರೆ ಕುತ್ತಿಗೆ ಬಿಗಿ ಹಿಡಿದು ಕೂರುತ್ತಿದ್ದಳು. ವಾಸನೆ ಚರ್ಮದೊಳಗೆ ಹೋಗಿತ್ತು. ಎಂಟು ತಾಸು ಅಂಟಿಕೊಂಡದ್ದು ಐದು ನಿಮಿಷದಲ್ಲಿ ಬಿಡುವುದಿಲ್ಲ. ಅತ್ತಿಗೆ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು ಎದ್ದುಹೋದಳು.

ಅದರ ಮರುದಿನವೋ ಏನೋ, ಬೇಸ್‌ಮೆಂಟಿನ ಮೂಲೆಯಲ್ಲಿ ಚರಂಡಿಯ ಹತ್ತಿರ ಅವಳು ಕುಕ್ಕರಗಾಲಿನಲ್ಲಿ ಕೂತು ಏನನ್ನೋ ನೋಡುತ್ತಿದ್ದಳು. ಮೇಲಿನಿಂದ ಇಳಿದು ಬರುವ ಒಂದು ಪೈಪಿನ ಬಾಯಿಂದ ನೀರು ಬೀಳುತ್ತಿತ್ತು. ಸಣ್ಣಗೆ, ನಿಲ್ಲದೆ. ತಣ್ಣಗಿತ್ತು, ವಾಸನೆಯಿರಲಿಲ್ಲ. ಎಲ್ಲಾ ಮಹಡಿಗಳ ಎಸಿ ಯಂತ್ರಗಳು ಬಿಡುವ ನೀರು ಅದು. ಕಟ್ಟಡ ಹುಟ್ಟಿದಾಗಿನಿಂದ ಅದು ಚರಂಡಿಗೆ ಬೀಳುತ್ತಿತ್ತು. ನಾವೆಲ್ಲ ಅದನ್ನು ದಾಟಿಕೊಂಡು ಓಡಾಡಿದವರೇ.

ಅತ್ತಿಗೆ ಅದನ್ನು ಬೊಗಸೆಯಲ್ಲಿ ಹಿಡಿದು ನನಗೆ ತೋರಿಸಿ, ಮೇಲೆ ತಣ್ಣಗೆ ಕೂತವರ ಬೆವರು ಇದು ಅಂದಳು.

ಒಂದು ವಾರ ಅವಳು ಕಸದಲ್ಲೇ ಸಾಮಾನು ಹುಡುಕಿದಳು. ಸೋಪಿನ ನೀರು ಬರುವ ನೀಲಿ ಡ್ರಮ್ಮು ಒಂದು. ಯಾರೋ ಎಸೆದ ಹೋಸ್ ಪೈಪು. ಹತ್ತನೆಯ ಮಹಡಿಯವರು ಅಡುಗೆಕೋಣೆ ಬದಲಾಯಿಸಿದಾಗ ಬಂದ ಹಳೆಯ ನಲ್ಲಿ. ಡ್ರಮ್ಮಿನ ಬುಡಕ್ಕೆ ತೂತು ಹಾಕಿ ನಲ್ಲಿ ಕೂರಿಸಿದಳು. ಮೇಲ್ಗಡೆ ಇನ್ನೊಂದು ತೂತು, ತುಂಬಿ ಹೆಚ್ಚಾದ ನೀರು ಚರಂಡಿಗೇ ಹೋಗಲಿ ಅಂತ. ಪೈಪಿನ ಬಾಯಿಗೆ ಬಟ್ಟೆ ಕಟ್ಟಿದಳು. ಎಸಿ ನೀರಿನ ಜೊತೆ ಒಂದು ಬಗೆಯ ಲೋಳೆ ಇಳಿಯುತ್ತದೆ, ಮೂಗಿನ ಸಿಂಬಳದ ಹಾಗೆ, ಬೂದು ಬಣ್ಣದ್ದು. ಬಟ್ಟೆ ಅದನ್ನು ತಡೆಯುತ್ತದೆ. ಆದರೆ ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ, ಪೈಪಿನೊಳಗೆ ಮೊಳಕೈವರೆಗೆ ಕೈಹಾಕಿ, ಲೋಳೆ ಎಳೆದು ತೆಗೆಯಬೇಕು. ಅದನ್ನು ಅವಳೇ ಮಾಡುತ್ತಿದ್ದಳು. ನಾನು ಮಾಡುತ್ತೇನೆ ಅಂದರೆ ನಿನ್ನ ಕೈ ದಪ್ಪ, ಹಿಡಿಸಲ್ಲ ಅನ್ನುತ್ತಿದ್ದಳು.

ಡ್ರಮ್ಮು ಒಂದೇ ದಿನದಲ್ಲಿ ಎರಡು ಸಲ ತುಂಬಿತು. ಆ ಮಧ್ಯಾಹ್ನ ನಾವು ಹನ್ನೊಂದು ಜನ ಸಾಲಾಗಿ ನಿಂತು ಕೈ ತೊಳೆದೆವು. ಮೂರು ಗಂಟೆಗೆ ಶೌಚಾಲಯದೊಳಗೆ ಒಬ್ಬೊಬ್ಬರಾಗಿ ಮೈ ತೊಳೆದು ಬಟ್ಟೆ ಬದಲಾಯಿಸಿದೆವು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳನ್ನು ನಾವು ಅಜ್ಜಿ ಅಂತ ಕರೆಯುವುದು. ಅವಳು ಹೊರಗೆ ಬಂದು ತನ್ನ ಅಂಗೈಯನ್ನು ತಾನೇ ಮೂಸಿ ನೋಡಿ, ನನ್ನ ಕೈ ನನಗೇ ಗುರುತು ಸಿಗುತ್ತಿಲ್ಲ ಎಂದಳು. ಮನೆಯಲ್ಲಿ ಮಗಳು ಮೂರು ದಿನ ಬಾಗಿಲಲ್ಲೇ ನಿಂತಳು. ನಾಲ್ಕನೆಯ ದಿನ ಹತ್ತಿರ ಬಂದು ತಾಯಿಯ ಭುಜಕ್ಕೆ ಮೂಗು ಒತ್ತಿದಳು. ಆಮೇಲೆ ಅಲ್ಲಿಂದ ಏಳಲಿಲ್ಲ.

ಎರಡು ವಾರಕ್ಕೆ ಸೂಪರ್‌ವೈಸರನ ಕಣ್ಣಿಗೆ ಬಿತ್ತು. ಡ್ರಮ್ಮಿಗೆ ಒದ್ದ. ಇದೇನು ನಿಮ್ಮಪ್ಪನ ಮನೆಯಾ, ಪೈಪಿಗೆ ಕೈಹಾಕೋಕೆ ಹೇಳಿದ್ದು ಯಾರು ಅಂತ ಎಲ್ಲರೆದುರು ಕೂಗಾಡಿದ. ಒಂದು ಕಾಗದ ತಂದು, ‘ಕಟ್ಟಡದ ಪೈಪನ್ನು ಅನುಮತಿಯಿಲ್ಲದೆ ಮುಟ್ಟಿದ್ದೇನೆ, ಇನ್ನು ಮುಂದೆ ಯಾವ ಪೈಪನ್ನೂ ಮುಟ್ಟುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಂಡ. ಅತ್ತಿಗೆ ಸಹಿ ಹಾಕಿದಳು. ಅವನು ಹೋದ ಮೇಲೆ ಡ್ರಮ್ಮನ್ನು ರಟ್ಟಿನ ರಾಶಿಯ ಹಿಂದೆ ಸರಿಸಿ ಹೋಸ್ ಉದ್ದ ಮಾಡಿದಳು. ರಟ್ಟಿನ ರಾಶಿಯ ಹಿಂದೆ ಇಲಿ ಇರುತ್ತವೆ. ಸೂಪರ್‌ವೈಸರು ಅತ್ತ ಬರುವವನಲ್ಲ. ನಾಲ್ಕು ತಿಂಗಳು ನಾವು ಹಾಗೆ ಕದ್ದು ಶುಭ್ರವಾಗಿದ್ದೆವು.

ಅಷ್ಟು ಹೊತ್ತಿಗೆ ಮೇಲೆ ಅಂಕದ ಲೆಕ್ಕ ಎಪ್ಪತ್ತೊಂಬತ್ತಕ್ಕೆ ಬಂದು ನಿಂತಿತ್ತು. ಒಂದೇ ಒಂದು ಕಡಿಮೆ. ಮ್ಯಾನೇಜರು ಮೇಡಂ ಮೇಲೆ ರೇಗತೊಡಗಿದ್ದ. ಆಗ ಉಳಿದದ್ದು ಹೊಸತನದ ಅಂಕ. ಪಟ್ಟಿಯಲ್ಲಿಲ್ಲದ, ಬೇರೆಲ್ಲೂ ಮಾಡದ, ಹೊಸ ಉಪಾಯವೊಂದನ್ನು ಕಟ್ಟಡ ಮಾಡಿ ತೋರಿಸಿದರೆ ಸಿಗುವ ಅಂಕವಂತೆ. ಮೇಡಂ ಹೊಸತನ ಹುಡುಕಿಕೊಂಡು ಮಹಡಿ ಮಹಡಿ ತಿರುಗಿದಳು. ಹದಿನೆಂಟು ಮಹಡಿಯಲ್ಲಿ, ಅಷ್ಟು ಓದಿದವರ ನಡುವೆ, ಒಂದೂ ಸಿಗಲಿಲ್ಲ. ಕೊನೆಗೆ ಕೆಳಗಿಳಿದು ರಟ್ಟಿನ ರಾಶಿಯ ಫೋಟೋ ತೆಗೆಯಲು ಹಿಂದೆ ಹೋದಳು.

ಅಲ್ಲಿ ನಿಂತು ಅವಳು ಡ್ರಮ್ಮನ್ನು ನೋಡಿದ ಬಗೆ ನನಗೆ ನೆನಪಿದೆ. ಬಿದ್ದ ಚಿನ್ನ ಕಂಡವಳ ಹಾಗೆ. ಅತ್ತಿಗೆಯನ್ನು ಕರೆದು ಎಲ್ಲ ಕೇಳಿದಳು. ಎಷ್ಟು ನೀರು ಬರುತ್ತದೆ, ಯಾವ ತಿಂಗಳು ಹೆಚ್ಚು, ಬಟ್ಟೆ ಯಾಕೆ, ಮೇಲಿನ ತೂತು ಯಾಕೆ. ಅತ್ತಿಗೆ ಹೇಳಿದಳು. ಇಷ್ಟು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳನ್ನು ಕೂತು ಮಾತಾಡಿಸಿದವರು ಯಾರೂ ಇರಲಿಲ್ಲ. ಅವಳ ಮುಖದಲ್ಲಿ ಬೆಳಕಿತ್ತು. ಮೇಡಂ ಟ್ಯಾಬಿನಲ್ಲಿ ಬರೆದುಕೊಳ್ಳುತ್ತಲೇ ಇದ್ದಳು. ಹೋಗುವಾಗ, ನೀವು ಜಾಣೆ ಅಂದಳು.

ಮುಂದಿನ ಸೋಮವಾರ ಆಳುಗಳು ಬಂದರು. ಡ್ರಮ್ಮನ್ನು ಕಸದ ಗಾಡಿಗೆ ಎಸೆದರು. ಆ ಜಾಗದಲ್ಲಿ ಹೊಳೆಯುವ ಸ್ಟೀಲಿನ ಟ್ಯಾಂಕು ಕೂರಿಸಿದರು. ಅದಕ್ಕೊಂದು ಮೀಟರು, ಒಂದು ಪಂಪು, ಸುತ್ತ ಜಾಲರಿ, ಜಾಲರಿಗೆ ಬೀಗ. ನಲ್ಲಿ ಇರಲಿಲ್ಲ. ನೀರು ಪಂಪಿನಿಂದ ಮೇಲೆ ಲಾಬಿಗೆ ಹೋಗುತ್ತಿತ್ತು. ಅಲ್ಲಿ ಗೋಡೆಯ ಮೇಲೆ ಹೊಸದಾಗಿ ಗಿಡಗಳನ್ನು ನೆಟ್ಟಿದ್ದರು. ನಮ್ಮ ಕೈ ತೊಳೆಯುವ ನೀರು ಈಗ ಗೋಡೆ ಕುಡಿಯುತ್ತಿತ್ತು.

ನಾನು ಸೂಪರ್‌ವೈಸರನ ಹತ್ತಿರ ಹೋಗಿ, ನಮಗೂ ಒಂದು ನಲ್ಲಿ ಇಡಿಸಿ ಎಂದು ಕೇಳಿದೆ. ಟ್ಯಾಂಕಿನಿಂದ ನೀರು ಬೇರೆ ಕಡೆ ಹೋದರೆ ಮೀಟರಿನ ಲೆಕ್ಕ ತಪ್ಪುತ್ತದೆ, ಅಂಕ ಹೋಗುತ್ತದೆ ಅಂದ. ಲಾಬಿಯ ಗೋಡೆಗೆ ಒಂದು ಹಲಗೆ ಬಂತು. ಅದರಲ್ಲಿ ಕಟ್ಟಡದ ಹೆಸರಿತ್ತು, ಮ್ಯಾನೇಜರನ ಹೆಸರಿತ್ತು, ಉಪಾಯ ಮಾಡಿದವರು ಎಂದು ಮೇಡಂ ಹೆಸರಿತ್ತು. ಓದಿ ನಮಗೆ ಹೇಳಿದ್ದು ಬಾಗಿಲ ಕಾವಲುಗಾರ. ನಾವು ಆ ಬಾಗಿಲಲ್ಲಿ ಹೋಗುವ ಹಾಗಿಲ್ಲ.

ಮನೆಯಲ್ಲಿ ಮಗಳು ಮತ್ತೆ ಬಾಗಿಲಿಗೆ ಸರಿದಳು.

ಮೂರು ವಾರಕ್ಕೆ ಪರೀಕ್ಷಕರು ಬರುವ ದಿನ ಬಂತು. ಅದರ ಹಿಂದಿನ ದಿನ ಮೇಡಂ ನಮಗೆಲ್ಲ ಹೊಸ ಗವಸು, ಹಸಿರು ಏಪ್ರನ್ನು ಹಂಚಿದಳು. ಅತ್ತಿಗೆಗೆ ಎರಡು ವಾಕ್ಯ ಕಲಿಸಿದಳು. ‘ಈ ಯೋಜನೆಯಿಂದ ನಮಗೆ ನೀರಿನ ಬೆಲೆ ಗೊತ್ತಾಯಿತು. ಮೇಡಂ ನಮಗೆ ಎಲ್ಲ ಕಲಿಸಿಕೊಟ್ಟರು.’ ಅತ್ತಿಗೆ ಅದನ್ನು ಒಂದು ಸಲವೂ ತಿರುಗಿ ಹೇಳಲಿಲ್ಲ. ನಾಚಿಕೆ ಇರಬೇಕು ಅಂತ ಮೇಡಂ ಅಂದುಕೊಂಡಳು.

ಪರೀಕ್ಷಕರು ವಯಸ್ಸಾದವರು. ಹಳೆಯ ಚರ್ಮದ ಚೀಲ, ಮೃದು ಮಾತು. ಹನ್ನೊಂದೂವರೆಗೆ ಕೆಳಗೆ ಬಂದರು. ಹಿಂದೆ ಮ್ಯಾನೇಜರು, ಮೇಡಂ, ಸೂಪರ್‌ವೈಸರು, ಫೋಟೋದವನು. ನಮ್ಮನ್ನು ಟ್ಯಾಂಕಿನ ಎರಡೂ ಕಡೆ ಸಾಲಾಗಿ ನಿಲ್ಲಿಸಿದ್ದರು. ಜಾಲರಿಯ ಬೀಗ ತೆಗೆದರು. ಮೀಟರು ನಿಂತಿತ್ತು. ಟ್ಯಾಂಕು ಒಣಗಿತ್ತು. ಪೈಪಿನ ಸಂದಿಯಿಂದ ನೀರು ಹೊರಗೆ ಒಸರಿ ನೆಲಕ್ಕೆ ಹರಿಯುತ್ತಿತ್ತು.

ನನಗೆ ಕೂಡಲೇ ತಿಳಿಯಿತು. ಮೂರು ವಾರದಿಂದ ಲೋಳೆ ತೆಗೆದವರಿಲ್ಲ. ಹೊಳೆಯುವ ಟ್ಯಾಂಕು ತಂದವರಿಗೆ ಲೋಳೆಯ ವಿಷಯ ನೆನಪಾಗಿರಲಿಲ್ಲ. ಅತ್ತಿಗೆ ಹೇಳಿದ್ದಳು, ಮೇಡಂ ಬರೆದುಕೊಂಡೂ ಇದ್ದಳು. ದಿನಾ ಬೆಳಿಗ್ಗೆ ಯಾರೋ ಮೊಳಕೈವರೆಗೆ ಕೈಹಾಕಬೇಕು ಅನ್ನುವುದು ಮಾತ್ರ ಅವಳ ಹೊಸತನದೊಳಗೆ ಬಂದಿರಲಿಲ್ಲ. ಲಾಬಿಯ ಗಿಡಗಳಿಗೆ ತೋಟದವನು ಶೌಚಾಲಯದ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊರುತ್ತಿದ್ದ ಎಂದು ಆಮೇಲೆ ಗೊತ್ತಾಯಿತು.

ನೀರು ಹರಿಯುವುದನ್ನು ನೋಡಬೇಕು ಎಂದರು ಪರೀಕ್ಷಕರು. ಸಣ್ಣ ತೊಂದರೆ, ಒಂದೇ ನಿಮಿಷ ಅಂದಳು ಮೇಡಂ. ಅತ್ತಿಗೆಯ ಕಡೆ ತಿರುಗಿ ನಗುತ್ತಲೇ, ಸ್ವಲ್ಪ ಕೈ ಹಾಕಿ ಕ್ಲೀನ್ ಮಾಡಿಬಿಡಿ ಅಂದಳು.

ಅತ್ತಿಗೆ ಕದಲಲಿಲ್ಲ.

ಸೂಪರ್‌ವೈಸರು, ಏ, ಕೇಳಿಸಲಿಲ್ವಾ ಅಂದ.

"ಕೇಳಿಸ್ತು," ಅಂದಳು ಅತ್ತಿಗೆ. "ನಾನು ಕೈ ಹಾಕಲ್ಲ. ಯಾವ ಪೈಪನ್ನೂ ಮುಟ್ಟಲ್ಲ ಅಂತ ನಿಮಗೇ ಬರ್ಕೊಟ್ಟಿದ್ದೀನಿ. ಸಹಿ ಹಾಕಿದ್ದೀನಿ."

ಪೈಪಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಏನು ಬರೆದುಕೊಟ್ಟದ್ದು, ಯಾಕೆ ಎಂದು ಪರೀಕ್ಷಕರು ಮೆಲ್ಲಗೆ ಕೇಳಿದರು. ಮ್ಯಾನೇಜರು ನಡುವೆ ಬಂದ. ಪರೀಕ್ಷಕರು ಅವನಿಗೆ ಕೈ ಅಡ್ಡ ಹಿಡಿದರು. ಅತ್ತಿಗೆ ಎಲ್ಲ ಹೇಳಿದಳು. ನಲ್ಲಿಗೆ ಸಮಯ ಇಟ್ಟದ್ದು, ಡ್ರಮ್ಮು, ಒದೆ, ಕಾಗದ, ಬೀಗ. ಏರಿಸಲಿಲ್ಲ, ಇಳಿಸಲಿಲ್ಲ, ಅಂಗಡಿಗೆ ಏನೇನು ತರಬೇಕು ಅಂತ ಹೇಳುವವಳ ಹಾಗೆ ಹೇಳಿದಳು. ಕೊನೆಗೆ ಹೊಸ ಗವಸನ್ನು ಬಿಚ್ಚಿ ಟ್ಯಾಂಕಿನ ಮೇಲಿಟ್ಟಳು. ಎರಡೂ ಕೈ ಮುಂದೆ ಚಾಚಿದಳು.

"ನನ್ನದಾಗಿದ್ದಾಗ ದಿನಾ ತೊಳೀತಿದ್ದೆ. ಈಗ ಅದು ಮೇಡಂದು. ಹಲಗೆ ಮೇಲೆ ಅವರ ಹೆಸರಿದೆ. ಅವರೇ ತೊಳೀಲಿ. ನೀವು ಇದನ್ನ ಮೂಸಿ ನೋಡಿ, ಆಮೇಲೆ ಎಷ್ಟು ಬೇಕೋ ಅಷ್ಟು ಅಂಕ ಕೊಡಿ."

ಪರೀಕ್ಷಕರು ಮೂಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ನಿಂತಲ್ಲೇ ಅವರ ಮೂಗಿನ ಹೊಳ್ಳೆ ಬಿಗಿಯಾಯಿತು.

ಮೇಡಂ ಮುಖ ಕೆಂಪಾಗಿತ್ತು. ಟ್ಯಾಬನ್ನು ಫೋಟೋದವನ ಕೈಗೆ ಕೊಟ್ಟು, ತೋಳು ಮಡಿಸಿಕೊಂಡು, ತಾನೇ ಪೈಪಿನೊಳಗೆ ಕೈಹಾಕಿದಳು. ಅಷ್ಟರಮಟ್ಟಿಗೆ ಅವಳನ್ನು ಮೆಚ್ಚಬೇಕು. ಕೈ ಹೊರಗೆ ಬಂದಾಗ ಮೊಳಕೈವರೆಗೆ ಬೂದು ಲೋಳೆ ಜೋಲಾಡುತ್ತಿತ್ತು. ಬಿಳಿ ಬೂಟಿನ ಮೇಲೆ ಒಂದು ಮುದ್ದೆ ಬಿತ್ತು. ಅವಳು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಸುತ್ತ ನೋಡಿದಳು. ನಮ್ಮ ನಲ್ಲಿಯ ಹತ್ತಿರ ಓಡಿಹೋಗಿ ತಿರುಗಿಸಿದಳು. ಗಾಳಿ ಬಂತು.

ಕೈ ಎಲ್ಲಿ ತೊಳೀಲಿ ಎಂದು ಕೇಳಿದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ನಾನು ಹತ್ತಿರವಿದ್ದೆ.

"ನಾಲ್ಕು ಗಂಟೆಗೆ ಬರುತ್ತೆ ಮೇಡಂ," ಅಂದೆ.

ಅಜ್ಜಿ ಪಕ್ಕಕ್ಕೆ ತಿರುಗಿ ನಕ್ಕಳು. ಪರೀಕ್ಷಕರು ನಲ್ಲಿಯನ್ನು ನೋಡಿದರು, ಗೋಡೆಯ ಮೇಲಿನ ಸಮಯದ ಚೀಟಿ ನೋಡಿದರು, ಪೆನ್ನು ತೆಗೆದು ಬರೆದುಕೊಂಡರು.

ಅತ್ತಿಗೆಗೆ ಅಂದೇ ಮಧ್ಯಾಹ್ನ ನಾಳೆಯಿಂದ ಬರಬೇಡ ಎಂದರು. ಸೂಪರ್‌ವೈಸರು ಗೇಟಿನಲ್ಲಿ ನಿಂತು ಗುರುತಿನ ಚೀಟಿ ಕಿತ್ತುಕೊಂಡ. ಮನೆಯಲ್ಲಿ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಅವನು ಲಾರಿಯಲ್ಲಿ ಚೀಲ ಹೊರುವವನು, ಬೆನ್ನು ಆಗಲೇ ಅರ್ಧ ಹೋಗಿತ್ತು. ಹೋಗಿ ತಪ್ಪಾಯ್ತು ಅಂದುಬಿಡು, ನಾಲಿಗೆಗೇನು ಗಾಯವಾಗುತ್ತಾ ಅಂದ. ಅತ್ತಿಗೆ ಮಗಳಿಗೆ ಊಟ ಬಡಿಸಿದಳು.

ಮರುದಿನ ಬೆಳಿಗ್ಗೆ ನಾವು ಹತ್ತು ಜನ ಎಂದಿನಂತೆ ಕೆಳಗಿಳಿದೆವು. ಎಂದಿನಂತೆ ಚೀಲ ಹರಿದೆವು. ಅಂದು ಗುರುವಾರ, ಹದಿನಾಲ್ಕನೆಯ ಮಹಡಿಯ ಪಾರ್ಟಿಯ ಕಸ ಬಂದಿತ್ತು. ಮೀನಿನ ಮುಳ್ಳು, ಹುಳಿ ಬಂದ ಕೆನೆ, ಯಾರೋ ಕಕ್ಕಿದ ಪೇಪರುಗಳು. ಒಂದನ್ನೂ ಬಿಡದೆ ಬೇರೆ ಮಾಡಿದೆವು. ಹನ್ನೆರಡೂವರೆಗೆ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. ಊಟದ ಡಬ್ಬಿ ತಗೊಂಡಳು. ಬನ್ನಿ, ಇವತ್ತು ಮೇಲೆ ಕೂತು ತಿನ್ನೋಣ ಅಂದಳು.

ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ನಾವು ಕಾರು ಬರುವ ದಾರಿಯಲ್ಲಿ ನಡೆದು ಮೇಲೆ ಹತ್ತಿ, ಕಟ್ಟಡವನ್ನು ಸುತ್ತಿ, ದೊಡ್ಡ ಗಾಜಿನ ಬಾಗಿಲಿಗೆ ಬಂದೆವು. ಕಾವಲುಗಾರ ನಮ್ಮನ್ನು ನೋಡಿದ. ಅವನೂ ಆ ತಲೆ ಎಣಿಕೆಯಲ್ಲಿ ಸೇರಿದವನೇ. ಬೂಟಿನ ದಾರ ಬಿಚ್ಚಿದೆ ಅನ್ನುವ ಹಾಗೆ ಕೆಳಗೆ ಬಗ್ಗಿದ. ನಾವು ಒಳಗೆ ಹೋದೆವು.

ಲಾಬಿಯಲ್ಲಿ ಬಿಳಿ ಸೋಫಾಗಳಿದ್ದವು. ಕೂತೆವು. ಅಷ್ಟು ಮೆತ್ತಗಿರುತ್ತದೆ ಎಂದು ಗೊತ್ತಿರಲಿಲ್ಲ, ಅಜ್ಜಿ ಹಿಂದಕ್ಕೆ ಬಿದ್ದೇ ಹೋದಳು. ಡಬ್ಬಿ ತೆರೆದೆವು. ಮೊಳಕೈವರೆಗೆ ಕೊಳೆ ಒಣಗಿದ ಕೈಯಲ್ಲಿ, ದಿನಾ ತಿನ್ನುವ ಹಾಗೆಯೇ ತಿಂದೆವು. ಊಟದ ಹೊತ್ತು. ನಾಲ್ಕೂ ಲಿಫ್ಟುಗಳು ಜನ ತಂದು ತಂದು ಸುರಿಯುತ್ತಿದ್ದವು. ಬಂದವರು ಮೊದಲು ಮೂಗು ಮುಚ್ಚಿದರು, ಆಮೇಲೆ ಎಲ್ಲಿಂದ ಅಂತ ಹುಡುಕಿದರು, ಆಮೇಲೆ ನಮ್ಮನ್ನು ಕಂಡರು. ಒಬ್ಬ ಹುಡುಗಿ ನಿಂತು, ನೀವು ಯಾರು, ಏನಾಯ್ತು ಎಂದು ಕೇಳಿದಳು. ನಿಮ್ಮ ಕಸದವರು, ಕೈ ತೊಳೆಯೋಕೆ ನೀರಿಲ್ಲ ಅಂದೆ. ಅವಳ ಕೈಯಲ್ಲಿ ಅರ್ಧ ಕುಡಿದ ಕಾಫಿ ಲೋಟವಿತ್ತು. ಎಲ್ಲಿ ಎಸೆಯುವುದು ಎಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಹೋದಳು.

ಮ್ಯಾನೇಜರು ಕರವಸ್ತ್ರ ಒತ್ತಿಕೊಂಡು ಓಡಿ ಬಂದ. ಮೊದಲು ಪೊಲೀಸರನ್ನು ಕರೆಯುತ್ತೇನೆ ಅಂದ. ಕರೀರಿ, ಅವರ ಗಾಡಿಯಲ್ಲಿ ಈ ಕೈಯಲ್ಲೇ ಕೂರ್ತೀವಿ ಅಂದಳು ಅಜ್ಜಿ. ಆಮೇಲೆ ಏನು ಬೇಕು ಎಂದು ಕೇಳಿದ. ನಲ್ಲಿಯಲ್ಲಿ ದಿನವಿಡೀ ನೀರು, ಅತ್ತಿಗೆಗೆ ಕೆಲಸ, ಎರಡು ಅಂದೆ. ನೀರು ಈಗಲೇ ಬಿಡಿಸುತ್ತೇನೆ, ಅವಳು ತಪ್ಪೊಪ್ಪಿಗೆ ಬರೆದುಕೊಟ್ಟರೆ ನೋಡೋಣ ಅಂದ. ಮೂರು ಗಂಟೆಯವರೆಗೆ ಕೂತೆವು. ಎರಡನೆಯದಕ್ಕೆ ಅವನು ಬಗ್ಗಲಿಲ್ಲ. ಮೂರಕ್ಕೆ ಕೆಳಗಿಳಿದಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅತ್ತಿಗೆ ತಪ್ಪೊಪ್ಪಿಗೆ ಬರೆಯಲಿಲ್ಲ. ಒಂದು ಸಲ ಬರೆದುಕೊಟ್ಟದ್ದೇ ಸಾಕು ಎಂದಳು. ನಾವು ಹತ್ತು ಜನ ಮರುದಿನ ಕೆಲಸಕ್ಕೆ ಹೋದೆವು. ನೀರು ಸಿಕ್ಕಿತ್ತು. ಅವಳ ಜಾಗದಲ್ಲಿ ಹೊಸಬಳೊಬ್ಬಳು ಬಂದಳು. ಅವಳಿಗೆ ಕಾಗದ ಯಾವ ಕಡೆ, ಗಾಜು ಯಾವ ಕಡೆ ಎಂದು ಹೇಳಿಕೊಟ್ಟವಳು ನಾನೇ.

ಟ್ಯಾಂಕಿಗೆ ಅಂಕ ಸಿಗಲಿಲ್ಲ. ಪರೀಕ್ಷಕರು ಹೊಡೆದುಹಾಕಿದ್ದರು. ಪರವಾಗಿಲ್ಲ, ಮುದುಕ ನೆಟ್ಟಗಿದ್ದ ಎಂದುಕೊಂಡೆ. ಆದರೆ ಎರಡು ತಿಂಗಳಿಗೆ ಲಾಬಿಗೆ ಸರ್ಟಿಫಿಕೇಟು ಬಂತು. ಎಂಬತ್ತು ಅಂಕ, ಮೇಲಿನ ದರ್ಜೆ. ಎಲ್ಲಿಂದ ಬಂತು ಆ ಒಂದು ಅಂಕ ಎಂದು ಕಾವಲುಗಾರನನ್ನು ಕೇಳಿದೆ. ಅವನು ವರದಿಯ ಹಾಳೆಯ ಫೋಟೋ ತೆಗೆದಿಟ್ಟುಕೊಂಡಿದ್ದ. ಓದಿದ. ‘ಕಟ್ಟಡದ ಅತಿ ಕೆಳಗಿನ ಕೆಲಸಗಾರರಿಗೂ ದಿನವಿಡೀ ಶುದ್ಧ ನೀರಿನ ಸೌಲಭ್ಯ. ಕೆಲಸಗಾರರ ದನಿ ಆಲಿಸುವ ವಿನೂತನ ವ್ಯವಸ್ಥೆ. ಹೊಸತನಕ್ಕೆ ಒಂದು ಅಂಕ.’ ಜೊತೆಗೆ ನಮ್ಮ ನಲ್ಲಿಯ ಚಿತ್ರ. ಮುಚ್ಚಿದ್ದ ನಲ್ಲಿಯನ್ನು ತೆರೆದದ್ದು ಅವರ ಹೊಸತನ. ನಾವು ಹೊಲಸು ಕೈಯಲ್ಲಿ ಬಂದು ಅವರ ಸೋಫಾದ ಮೇಲೆ ಕೂತದ್ದು ಅವರ ವ್ಯವಸ್ಥೆ. ಉಗಿದದ್ದನ್ನೂ ಒರೆಸಿ ಹೆಸರು ಬರೆದು ಇಟ್ಟುಕೊಳ್ಳುವ ಜನ.

ಅತ್ತಿಗೆಗೆ ಹೇಳಿದೆ. ಅವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವಳು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗಳೂ ಏನೆಂದು ತಿಳಿಯದೆ ನಕ್ಕಳು.

ಆ ವಾರವೇ ಅವಳಿಗೆ ಬೇರೆ ಕಡೆ ಕೆಲಸವಿದೆ ಎಂದು ಸುದ್ದಿ ಬಂತು. ಎರಡು ರಸ್ತೆ ಆಚೆಗಿನ ಇನ್ನೊಂದು ಕಟ್ಟಡ, ಅದೇ ಕಸದ ಕೆಲಸ. ನಾನೂ ಜೊತೆಗೆ ಹೋದೆ. ಅಲ್ಲಿಯ ಸೂಪರ್‌ವೈಸರು ಮೇಜಿನ ಮೇಲೆ ಒಂದು ಫಾರಮ್ಮು ಇಟ್ಟು, ಸಹಿ ಮಾಡು, ನಾಳೆಯಿಂದ ಬಾ ಅಂದ. ಅತ್ತಿಗೆ ಪೆನ್ನು ಮುಟ್ಟಲಿಲ್ಲ. ಕೈ ತೊಳೆಯುವ ನೀರು ಎಲ್ಲಿದೆ ಎಂದು ಕೇಳಿದಳು. ಇದೆ ಇದೆ, ಆಮೇಲೆ ತೋರಿಸ್ತೀನಿ, ಮೊದಲು ಸಹಿ ಮಾಡು ಅಂದ.

"ಮೊದಲು ನೀರು ತೋರಿಸಿ," ಅಂದಳು ಅತ್ತಿಗೆ.

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಹಿಂದೆ ಇನ್ನೂ ನಾಲ್ಕು ಹೆಂಗಸರು ಅದೇ ಕೆಲಸಕ್ಕೆ ಕಾಯುತ್ತಾ ನಿಂತಿದ್ದರು. ಅವರಲ್ಲೊಬ್ಬಳಿಗೆ ಆತುರವಿತ್ತು, ಮುಂದೆ ಬಂದು ಪೆನ್ನು ಎತ್ತಿಕೊಂಡಳು. ಅತ್ತಿಗೆ ಅವಳ ಕಡೆ ತಿರುಗಿದಳು. ಬೈಯಲಿಲ್ಲ. ನೀನೂ ಒಂದು ಸಲ ನೋಡ್ಕೊಂಡು ಬಾ, ಆಮೇಲೆ ಬೇಕಾದ್ರೆ ಮೊದಲು ನೀನೇ ಸಹಿ ಹಾಕು ಅಂದಳು. ಆ ಹೆಂಗಸು ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟಳು.

ಸೂಪರ್‌ವೈಸರು ಬೀಗದ ಕೈ ಹುಡುಕತೊಡಗಿದ.